ಲಾಡ್ಜ್ ಇದ್ದ ಮಹಡಿಗೆ ಸೀರೆ ಕಪಾಟು ಹತ್ತುವ ಮುನ್ನ

ಪ್ರಶ್ನೆ: ದಾವಣಗೆರೆಯ ಹಳೇ ಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಕಟ್ಟಡ 1984ರದು, ತಂದೆಯವರು ಕಟ್ಟಿಸಿದ್ದು. ನೆಲಮಹಡಿಯಲ್ಲಿ ಅಂಗಡಿ, ಮೇಲಿನ ಎರಡು ಮಹಡಿಯಲ್ಲಿ ಲಾಡ್ಜ್ ಇತ್ತು. ಕೊರೊನಾ ಕಾಲದಲ್ಲಿ ಲಾಡ್ಜ್ ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ಕಟ್ಟಡ 40 ಅಡಿ ಅಗಲ, 86 ಅಡಿ ಉದ್ದ. ಹಿಂದುಗಡೆ 24 ಅಡಿ ಖಾಲಿ ಜಾಗ, ಅಲ್ಲೊಂದು ತಗಡಿನ ಗೋದಾಮು. ಕಾಲಂಗಳು ಹನ್ನೆರಡು ಹದಿಮೂರು ಅಡಿಗೊಂದರಂತೆ ಇವೆ. ಕೆಳಗಿನ ಮಹಡಿ 12 ಅಡಿ ಎತ್ತರ, ಮೇಲಿನವು 10 ಅಡಿ. ಈಗ ಮೂರೂ ಮಹಡಿ ಸೇರಿಸಿ ಡಿಪಾರ್ಟ್‌ಮೆಂಟಲ್ ಸ್ಟೋರ್ ಮಾಡಬೇಕೆಂದಿದ್ದೇವೆ. ಕೆಳಗೆ ರೆಡಿಮೇಡ್, ಮೊದಲ ಮಹಡಿಯಲ್ಲಿ ಸೀರೆ, ಎರಡನೆಯದರಲ್ಲಿ ದಿನಸಿ ಮತ್ತು ಪಾತ್ರೆ. ದಿನಸಿ ಮೇಲಿದ್ದರೆ ಜನ ಎಲ್ಲ ಮಹಡಿ ಹತ್ತಿ ಬರುತ್ತಾರೆ ಎಂಬ ಲೆಕ್ಕ. ನಡುವೆ ಸ್ಲ್ಯಾಬ್ ಕತ್ತರಿಸಿ ಬಯಲು ಬಿಟ್ಟು ಎಸ್ಕಲೇಟರ್, ಮುಂಭಾಗ ಪೂರ್ತಿ ಗಾಜು ಮತ್ತು ಎಸಿಪಿ (ಅಲ್ಯುಮಿನಿಯಂ ಹಾಳೆಯ ಹೊದಿಕೆ), ಟೆರೇಸಿನಲ್ಲಿ ಫುಡ್ ಕೋರ್ಟ್. ಇಂಟೀರಿಯರ್ ಡಿಸೈನರ್ 3ಡಿ ಚಿತ್ರ ಕೊಟ್ಟಿದ್ದಾರೆ, ಜೊತೆಗೆ ಕಳಿಸಿದ್ದೇನೆ. ‘ಕಟ್ಟಡ ಕಲ್ಲಿನಂಗಿದೆ, ಏನೂ ಚಿಂತಿಲ್ಲ’ ಅನ್ನುತ್ತಾರೆ ತಂದೆಯವರು. ಆಷಾಢದಲ್ಲಿ ಕೆಲಸ ಹಿಡಿದು ದೀಪಾವಳಿಗೆ ಓಪನಿಂಗ್ ಮಾಡುವ ಆಸೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ 3ಡಿ ಚಿತ್ರಗಳನ್ನು ನೋಡಿದೆ, ಅಚ್ಚುಕಟ್ಟಾಗಿವೆ. ಬೆಳಕು ಚೆನ್ನಾಗಿದೆ, ಗಿರಾಕಿಗಳೆಲ್ಲ ನಗುತ್ತಿದ್ದಾರೆ. ಆದರೆ ಅಷ್ಟೂ ಚಿತ್ರಗಳಲ್ಲಿ ಎಲ್ಲಿಯೂ ಒಂದು ಗಂಟು ಮಾಲು ಕಾಣಲಿಲ್ಲ. ಬಟ್ಟೆ ವ್ಯಾಪಾರದ ಮನೆಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಅಂಗಡಿ ಎಂದರೆ ಮಾಲು. ಆ ಮಾಲಿಗೆ ತೂಕ ಇದೆ. ನಿಮ್ಮ ಇಡೀ ಯೋಜನೆ ನಿಲ್ಲುವುದು ಬೀಳುವುದು ಆ ತೂಕದ ಮೇಲೆ.

ಲಾಡ್ಜ್ ಕೋಣೆಯಲ್ಲಿ ಏನಿರುತ್ತದೆ? ಎರಡು ಮಂಚ, ಒಂದು ಮೇಜು, ಇಬ್ಬರು ಮೂವರು ಮನುಷ್ಯರು. ಇಂಥ ಕೋಣೆಯ ನೆಲ ಬಳಕೆಯ ಭಾರವೆಂದು ಚದರ ಮೀಟರಿಗೆ ಸುಮಾರು 200 ಕೆ.ಜಿ. ಹೊತ್ತರೆ ಸಾಕು ಎನ್ನುತ್ತದೆ ಐಎಸ್ 875 ಎಂಬ ನಮ್ಮ ಭಾರತೀಯ ಮಾನಕದ ಎರಡನೇ ಭಾಗ. ಅದೇ ಮಾನಕ ಚಿಲ್ಲರೆ ಅಂಗಡಿಯ ನೆಲಕ್ಕೆ 400 ಕೆ.ಜಿ. ಕೇಳುತ್ತದೆ. ಗೋದಾಮಾದರೆ ರಾಶಿಯ ಎತ್ತರದ ಪ್ರತಿ ಮೀಟರಿಗೆ 240ರಂತೆ ಲೆಕ್ಕ, ಕಡಿಮೆಯೆಂದರೂ 750. ಅಂದರೆ ಒಂದು ಇಟ್ಟಿಗೆಯನ್ನೂ ಅಲುಗಿಸದೆ, ಬೋರ್ಡು ಮಾತ್ರ ಬದಲಿಸಿದರೂ ನಿಮ್ಮ ಮೇಲಿನ ಮಹಡಿಗಳಿಂದ ದುಪ್ಪಟ್ಟು ದುಡಿಮೆ ಕೇಳಿದಂತಾಯಿತು.

ಪುಸ್ತಕದ ಲೆಕ್ಕ ನಂಬಿಕೆ ಬರದಿದ್ದರೆ ನಿಮ್ಮದೇ ಅಂಗಡಿಯಲ್ಲಿ ತೂಗಿ ನೋಡಿ. ಮೂರಡಿ ಅಗಲ, ಒಂದೂವರೆ ಅಡಿ ಆಳದ ಸೀರೆ ಕಪಾಟು ತೆಗೆದುಕೊಳ್ಳಿ. ಒಂದು ಖಾನೆಯಲ್ಲಿ 40 ಸೀರೆ, ಸೀರೆಗೆ 600 ಗ್ರಾಂ ಹಿಡಿದರೆ ಖಾನೆಗೆ 24 ಕೆ.ಜಿ. ಏಳು ಖಾನೆಗೆ 168. ಕಪಾಟಿನದೇ ತೂಕ ಒಂದು 40 ಸೇರಿಸಿ. ಹತ್ತಿರ ಹತ್ತಿರ 208 ಕೆ.ಜಿ. ಭಾರ ಕೂತಿರುವುದು ಕೇವಲ ನಾಲ್ಕೂವರೆ ಚದರಡಿಯಲ್ಲಿ. ಚದರ ಮೀಟರಿಗೆ ತಿರುಗಿಸಿದರೆ 500 ಕೆ.ಜಿ. ಆಗುತ್ತದೆ. ಕಪಾಟುಗಳ ನಡುವಿನ ಓಣಿ ಖಾಲಿ ತಾನೇ ಎನ್ನುತ್ತೀರಿ, ಸರಿ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಕಪಾಟಿಗೆ ಮೂರಡಿ, ಓಣಿಗೆ ನಾಲ್ಕಡಿ ಎಂದು ಹರಡಿದರೂ ಸರಾಸರಿ 210 ದಾಟುತ್ತದೆ. ಇನ್ನೂ ಒಬ್ಬ ಗಿರಾಕಿಯೂ ಒಳಗೆ ಬಂದಿಲ್ಲ. ಲಾಡ್ಜಿನ ನೆಲಕ್ಕೆ ಬರೆದಿದ್ದ ಲೆಕ್ಕ ಆಗಲೇ ಮುಗಿದುಹೋಯಿತು. ದಿನಸಿಯ ಮಾತಂತೂ ಬೇಡ. 25 ಕೆ.ಜಿ. ಅಕ್ಕಿ ಚೀಲ ಹತ್ತು ಪೇರಿಸಿದರೆ ಚದರ ಮೀಟರಿಗೆ 800ರ ಹತ್ತಿರ ಹೋಗುತ್ತದೆ. ನೀವು ಅದನ್ನು ಎರಡನೇ ಮಹಡಿಗೆ ಬರೆದಿದ್ದೀರಿ.

ಈ ತರಹದ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ದಕ್ಷಿಣ ಕೊರಿಯಾದ ಸೋಲ್ ನಗರದ ಸಾಂಪೂಂಗ್ ಡಿಪಾರ್ಟ್‌ಮೆಂಟ್ ಸ್ಟೋರ್. ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಪಟ್ಟಿಯಲ್ಲಿರುವ ಹಲವು ಅಲ್ಲಿಯೂ ನಡೆದಿದ್ದವು, ಅದಕ್ಕೆ. ಆ ಕಟ್ಟಡವನ್ನು ಮೊದಲು ಯೋಜಿಸಿದ್ದು ನಾಲ್ಕು ಮಹಡಿಯ ಕಚೇರಿ ಕಟ್ಟಡವಾಗಿ. ಕೆಲಸ ನಡೆಯುತ್ತಿರುವಾಗಲೇ ಮಾಲೀಕರಿಗೆ ಅದನ್ನು ಡಿಪಾರ್ಟ್‌ಮೆಂಟ್ ಸ್ಟೋರ್ ಮಾಡುವ ಮನಸ್ಸಾಯಿತು. ಎಸ್ಕಲೇಟರ್ ಕೂರಿಸಲು ಕೆಲವು ಕಾಲಂಗಳನ್ನು ತೆಗೆಸಿದರು. ಬದಲಾವಣೆಗೆ ಒಪ್ಪದ ಗುತ್ತಿಗೆದಾರರನ್ನು ಬಿಟ್ಟು ತಮ್ಮದೇ ಕಂಪನಿಯಿಂದ ಕೆಲಸ ಮುಗಿಸಿದರು. ಮೇಲೆ ಐದನೇ ಮಹಡಿ ಬಂತು. ಮೊದಲು ಸ್ಕೇಟಿಂಗ್ ಆಟದ ಜಾಗ ಅಂದಿದ್ದು ಆಮೇಲೆ ಹೋಟೆಲುಗಳ ಸಾಲಾಯಿತು. ಕೊರಿಯಾದವರು ನೆಲದ ಮೇಲೆ ಕೂತು ಉಣ್ಣುವವರು. ನೆಲ ಬೆಚ್ಚಗಿರಲೆಂದು ಬಿಸಿನೀರಿನ ಕೊಳವೆ ಹಾಸಿ ಅದರ ಮೇಲೆ ಮತ್ತೊಂದು ದಪ್ಪ ಕಾಂಕ್ರೀಟು ಹಾಕಿದರು. ಟೆರೇಸಿನಲ್ಲಿ ಎ.ಸಿ. ಯಂತ್ರಗಳಿದ್ದವು. ಸದ್ದಿಗೆ ಅಕ್ಕಪಕ್ಕದವರು ತಕರಾರು ತೆಗೆದಾಗ, 1993ರಲ್ಲಿ, ಕ್ರೇನಿನಿಂದ ಎತ್ತುವ ಬದಲು ರೋಲರಿನ ಮೇಲೆ ಟೆರೇಸಿನುದ್ದಕ್ಕೂ ಎಳೆದು ಇನ್ನೊಂದು ಬದಿಗೆ ಸರಿಸಿದರು. ಸ್ಲ್ಯಾಬು ಬಿರುಕು ಬಿಟ್ಟಿತು. 1990ರ ಜುಲೈನಲ್ಲಿ ಬಾಗಿಲು ತೆರೆದ ಆ ಅಂಗಡಿಯ ಒಂದು ಪಾರ್ಶ್ವ 1995ರ ಜೂನ್ 29ರ ಸಂಜೆ ಆರಕ್ಕೆ ಕೆಲವೇ ನಿಮಿಷ ಇರುವಾಗ, ಸುಮಾರು 20 ಸೆಕೆಂಡಿನಲ್ಲಿ ನೆಲಕ್ಕೆ ಬಂತು. 502 ಜನ ಸತ್ತರು, 937 ಜನ ಗಾಯಗೊಂಡರು. ಆ ದಿನ ಬೆಳಗ್ಗೆಯಿಂದಲೇ ಮೇಲಿನ ಮಹಡಿಯಲ್ಲಿ ಬಿರುಕು ಅಗಲವಾಗುತ್ತಿತ್ತು. ಎ.ಸಿ. ನಿಲ್ಲಿಸಿ, ಐದನೇ ಮಹಡಿಗೆ ಹಗ್ಗ ಕಟ್ಟಿ, ಕೆಳಗಿನ ವ್ಯಾಪಾರ ಮುಂದುವರಿಸಿದ್ದರು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಯಾವುದೋ ಒಂದು ತಪ್ಪಿನಿಂದ ಅದು ಬೀಳಲಿಲ್ಲ. ಇಷ್ಟು ತೆಗೆದರೆ ಏನಾದೀತು, ಅಷ್ಟು ಸೇರಿಸಿದರೆ ಏನಾದೀತು ಎಂದು ಪ್ರತಿ ಸಲವೂ ಸ್ವಲ್ಪ ಸ್ವಲ್ಪ. ಹಾಗಂತ ನಿಮ್ಮ ಕಟ್ಟಡ ಅಂಗಡಿಯಾಗುವುದಿಲ್ಲವೇ? ಆಗುತ್ತದೆ. ಆದರೆ ಮೊದಲ ಕೆಲಸ ಸೇರಿಸುವುದಲ್ಲ, ಇಳಿಸುವುದು.

40 ವರ್ಷದ ಕಟ್ಟಡ ನಮಗೆ ಕಾಣದಷ್ಟು ಭಾರವನ್ನು ಸುಮ್ಮನೆ ಹೊತ್ತಿರುತ್ತದೆ. ಕೆಲವು ವರ್ಷದ ಹಿಂದೆ ಇದೇ ರೀತಿಯ ಒಂದು ಲಾಡ್ಜಿನ ನೆಲ ಒಡೆಸಿದ್ದೆ. ಮೇಲೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಅದರಡಿ ಒಂದೂವರೆ ಇಂಚು ಗಾರೆ. ಗಾರೆಯ ಕೆಳಗೆ ಎಂಬತ್ತರ ದಶಕದ ಮೊಸಾಯಿಕ್, ಹಸಿರು ಬಿಳಿ ಚುಕ್ಕಿಯದು, ಅದಕ್ಕೊಂದು ಗಾರೆ. ಎಲ್ಲಕ್ಕಿಂತ ಕೆಳಗೆ ಕೆಂಪು ಕಾವಿ ನೆಲ, ಇನ್ನೂ ನುಣ್ಣಗೆ. ಮಾಲೀಕರು ಬಗ್ಗಿ ಅದನ್ನು ಕೈಯಿಂದ ಒರೆಸಿ, ‘ಇದನ್ನ ನಮ್ಮವ್ವ ತೊಳೀತಿದ್ಳು’ ಅಂದರು. ಅವರಿಗೆ ಅದು ನೆನಪು, ನನಗೆ ಮೂರು ನೆಲದ ತೂಕ. ಮೂರಿಂಚು ಗಾರೆ-ಟೈಲ್ಸು ತೆಗೆದರೆ ಚದರ ಮೀಟರಿಗೆ 160 ಕೆ.ಜಿ. ಇಳಿಯಿತು ಎಂದೇ ಲೆಕ್ಕ. ನಿಮಗೆ ಬೇಕಾದ ಹೆಚ್ಚುವರಿ 200ರಲ್ಲಿ ಬಹುಪಾಲು ಅಲ್ಲೇ ಸಿಕ್ಕಿತು.

ಇದೇ ರೀತಿ ಲಾಡ್ಜಿನ ಬಾತ್‌ರೂಮುಗಳು. ಪೈಪು ಹಾಯಿಸಲೆಂದು ಅಲ್ಲಿನ ಸ್ಲ್ಯಾಬನ್ನು ಒಂದಡಿ ತಗ್ಗಿಸಿ ಇಟ್ಟಿಗೆ ಚೂರು ತುಂಬಿರುತ್ತಾರೆ. ಆ ತುಂಬು ಒಂದೇ ಚದರ ಮೀಟರಿಗೆ ನಾನೂರೈವತ್ತು ಐನೂರು ಕೆ.ಜಿ. ತೂಗುತ್ತದೆ. ಅದನ್ನು ಬಳಿದು ತೆಗೆದು, ಮಟ್ಟ ಮಾಡಲು ಹಗುರವಾದ ಬ್ಲಾಕು ಹಾಕಿ. ಕೋಣೆ ಕೋಣೆ ನಡುವಿನ ನಾಲ್ಕೂವರೆ ಇಂಚಿನ ಗೋಡೆಯೂ ಉದ್ದದ ಪ್ರತಿ ಅಡಿಗೆ 200 ಕೆ.ಜಿ.ಗಿಂತ ಹೆಚ್ಚು ತೂಗುತ್ತದೆ. ಟೆರೇಸಿನಲ್ಲಿ ಸೋರಿಕೆ ತಡೆಯಲೆಂದು ಪದರದ ಮೇಲೆ ಪದರ ಹಾಕಿದ್ದರೆ ಅದೂ ಇಳಿಯಬೇಕು.

ಗೋಡೆ ಒಡೆಯುವ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಿರಿ. ಕಾಲಂ ಇದೆ ಎಂದ ಮಾತ್ರಕ್ಕೆ ಗೋಡೆ ಭಾರ ಹೊರುತ್ತಿಲ್ಲ ಎಂದಲ್ಲ. ಆ ಕಾಲದಲ್ಲಿ ಸುತ್ತ ಕಾಲಂ, ನಡುವೆ ಒಂಬತ್ತಿಂಚಿನ ಗೋಡೆಯ ಮೇಲೇ ಸ್ಲ್ಯಾಬು ಕೂರಿಸಿದ ಮಿಶ್ರ ಕಟ್ಟಡಗಳು ಎಷ್ಟೋ. ಗೋಡೆಯ ತಲೆಯ ಮೇಲೆ ಬೀಮ್ ಇದೆಯೇ, ಕೆಳಗಿನ ಗೋಡೆಯ ನೇರಕ್ಕೇ ಮೇಲಿನ ಗೋಡೆ ಎದ್ದಿದೆಯೇ ಎಂದು ಪ್ಲಾಸ್ಟರು ಕೆತ್ತಿ ನೋಡದೆ ಸುತ್ತಿಗೆ ಎತ್ತಬೇಡಿ. ಒಡೆಯುವುದು ಮೇಲಿನಿಂದ ಕೆಳಕ್ಕೆ. ಒಡೆದ ಚೂರನ್ನು ಅಂದಂದೇ ಇಳಿಸಬೇಕು. ಕೂಲಿಯವರು ‘ನಾಳೆ ಟ್ರಾಕ್ಟರ್ ಬರ್ತದೆ ಸಾರ್’ ಎಂದು ಮಹಡಿಯ ನಡುಮಧ್ಯೆ ಗುಡ್ಡೆ ಹಾಕುತ್ತಾರೆ. ಎರಡಡಿ ಎತ್ತರದ ಆ ಗುಡ್ಡೆ ಚದರ ಮೀಟರಿಗೆ 900 ಕೆ.ಜಿ. ಒತ್ತುತ್ತಿರುತ್ತದೆ. ಕಟ್ಟಡದ ಇಡೀ ಆಯುಷ್ಯದಲ್ಲಿ ಅಷ್ಟು ಭಾರ ಬಿದ್ದಿರುವುದಿಲ್ಲ.

ಇನ್ನು ‘ಕಲ್ಲಿನಂಗಿದೆ’ ಎನ್ನುವ ತಂದೆಯವರ ಮಾತು. ಅವರು ಮುಂದೆ ನಿಂತು ಕಟ್ಟಿಸಿದ್ದು, ಅವರ ನಂಬಿಕೆ ನನಗೆ ಅರ್ಥವಾಗುತ್ತದೆ. ಅವರ ಎದುರಿಗೇ ಒಂದು ಪರೀಕ್ಷೆ ಮಾಡಿಸಿ. ಕಾಂಕ್ರೀಟಿಗೆ ಕ್ಷಾರದ ಗುಣ ಇರುತ್ತದೆ, ಒಳಗಿನ ಕಂಬಿ ತುಕ್ಕು ಹಿಡಿಯದಂತೆ ಕಾಯುವುದು ಅದೇ. ವರ್ಷಗಳುರುಳಿದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಆ ಗುಣವನ್ನು ಹೊರಗಿನಿಂದ ಒಳಕ್ಕೆ ತಿನ್ನುತ್ತಾ ಹೋಗುತ್ತದೆ. ಹೊಸದಾಗಿ ಕೆತ್ತಿದ ಜಾಗಕ್ಕೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರೆ, ಆರೋಗ್ಯವಾಗಿರುವ ಕಾಂಕ್ರೀಟು ಕಣ್ಣೆದುರೇ ಕಡುಗುಲಾಬಿಯಾಗುತ್ತದೆ. ಕೆಟ್ಟ ಭಾಗ ಬೂದಿಯಂತೆ ಹಾಗೇ ಉಳಿಯುತ್ತದೆ. ಗುಲಾಬಿಯ ಗೆರೆ ಕಂಬಿಗಿಂತ ಹೊರಗಿದ್ದರೆ ನಿಶ್ಚಿಂತೆ, ಕಂಬಿ ದಾಟಿ ಒಳಗೆ ಹೋಗಿದ್ದರೆ ತುಕ್ಕು ಶುರುವಾಗಿದೆ ಅಥವಾ ಶುರುವಾಗಲಿದೆ. ಹಳೆಯ ಬಾತ್‌ರೂಮುಗಳ ಕೆಳಗಿನ ಸ್ಲ್ಯಾಬಿನಲ್ಲಿ ಇದನ್ನು ಮೊದಲು ಮಾಡಿಸಿ. ಮೂರೂವರೆ ದಶಕ ನೀರು ಜಿನುಗಿದ್ದು ಅಲ್ಲೇ. ಜೊತೆಗೆ ಕಾಂಕ್ರೀಟಿನ ಗಟ್ಟಿತನಕ್ಕೆ ರಿಬೌಂಡ್ ಹ್ಯಾಮರ್ ಎಂಬ ಸುತ್ತಿಗೆಯ ಪರೀಕ್ಷೆ, ಅಲ್ಟ್ರಾಸಾನಿಕ್ ಪರೀಕ್ಷೆ, ಕೆಲವು ಕಡೆ ಕೋರ್, ಅಂದರೆ ಕೊರೆದ ದುಂಡು ತುಂಡು, ತೆಗೆದು ಲ್ಯಾಬಿನಲ್ಲಿ ಒತ್ತಿ ನೋಡುವುದು. ಸುತ್ತಿಗೆಯ ಪರೀಕ್ಷೆಯೊಂದನ್ನೇ ಮಾಡಿ ‘ಪಾಸ್’ ಎಂದು ಕಾಗದ ಕೊಡುವವರಿದ್ದಾರೆ, ಒಪ್ಪಬೇಡಿ. ಅದು ಮೇಲ್ಮೈಯ ಗಟ್ಟಿತನವನ್ನಷ್ಟೇ ಹೇಳುತ್ತದೆ. ನಿಮ್ಮ ಕಟ್ಟಡದ ಕಾಲದಲ್ಲಿ ಸಿಮೆಂಟು, ಮರಳು, ಜಲ್ಲಿಯ 1:2:4 ಮಿಶ್ರಣದ ಎಂ15 ದರ್ಜೆಯ ಕಾಂಕ್ರೀಟು ನಡೆಯುತ್ತಿತ್ತು (ಅಂಕಿ ಹೆಚ್ಚಿದಷ್ಟೂ ಗಟ್ಟಿ). ಕಂಬಿ ಹಾಕಿದ ಕಾಂಕ್ರೀಟಿಗೆ ಕನಿಷ್ಠ ಎಂ20 ಇರಬೇಕೆಂದು ಕಾಂಕ್ರೀಟಿನ ಮಾನಕ ಬದಲಾದದ್ದು 2000ದಲ್ಲಿ. ಹಾಗಾಗಿ ಕಟ್ಟಿದವರಿಂದ ಮೋಸವೇನೂ ಆಗಿರದಿದ್ದರೂ ಇಂದಿನ ಲೆಕ್ಕಕ್ಕೆ ಅದು ಕಡಿಮೆಯೇ.

ಕಾಲಂಗಳ ಮೇಲಿನ ಗ್ರಾನೈಟು, ಕನ್ನಡಿ ಎಲ್ಲ ಬಿಚ್ಚಿಸಿ. ಒಂದು ಅಂಗಡಿಯಲ್ಲಿ ಕಾಲಮ್ಮಿನ ಕನ್ನಡಿ ತೆಗೆದಾಗ ನಾಲ್ಕೂ ಮೂಲೆ ಒಂದೊಂದಿಂಚು ಕೆತ್ತಿ ಹೋಗಿತ್ತು, ಕಂಬಿ ಹಲ್ಲು ಕಿರಿಯುತ್ತಿತ್ತು. ಕನ್ನಡಿಯ ಚೌಕಟ್ಟು ಸರಿಯಾಗಿ ಕೂರಲಿ ಎಂದು ಬಡಗಿ ಮಾಡಿದ ಉಪಕಾರ. ಅದರ ಮೇಲೆ ಎರಡು ಮಹಡಿ ನಿಂತಿತ್ತು.

ಪರೀಕ್ಷೆಯ ಫಲ ಬಂದ ಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ಹೊಸ ಭಾರದ ಲೆಕ್ಕ ಹಾಕುತ್ತಾರೆ. ದುರ್ಬಲ ಕಾಲಂಗಳಿಗೆ ಸುತ್ತಲೂ ಕಂಬಿ ಕಟ್ಟಿ ನಾಲ್ಕಿಂಚು ಹೊಸ ಕಾಂಕ್ರೀಟಿನ ಅಂಗಿ ತೊಡಿಸಬಹುದು. ಹಾಗೆ ಮಾಡಿದರೆ 9 ಇಂಚಿಗೆ 15 ಇಂಚಿನ ಕಾಲಂ 17ಕ್ಕೆ 23 ಆಗುತ್ತದೆ, ಕಪಾಟಿನ ಅಳತೆಯನ್ನು ಅದಕ್ಕೆ ತಕ್ಕಂತೆ ಮೊದಲೇ ಬದಲಿಸಿಕೊಳ್ಳಿ. ಜಾಗ ಉಳಿಯಲಿ ಎಂದು ಕಾರ್ಬನ್ ಫೈಬರ್ ಸುತ್ತಿಸುವ ಸಲಹೆ ಬರುತ್ತದೆ. ದುಂಡು ಕಂಬಕ್ಕೆ ಅದು ಒಳ್ಳೆಯದು. ನಿಮ್ಮಂಥ ಚಪ್ಪಟೆ ಆಯತದ ಕಾಲಮ್ಮಿಗೆ ಅದರ ಹಿಡಿತ ಅಷ್ಟಕ್ಕಷ್ಟೆ. ಕಾಲಂ ಗಟ್ಟಿಯಾದರೂ ಭಾರ ಕೊನೆಗೆ ಹೋಗುವುದು ಮಣ್ಣಿಗೇ. ಒಂದೆರಡು ಕಡೆ ಅಗೆದು ಫುಟಿಂಗ್, ಅಂದರೆ ಕಾಲಮ್ಮಿನ ಅಡಿಯ ಪಾಯ, ಎಷ್ಟು ಅಗಲ, ಎಷ್ಟು ಆಳ, ಕೆಳಗಿರುವುದು ಎರೆಮಣ್ಣೋ ಗಟ್ಟಿ ಮೊರಂಬೋ ನೋಡಲೇಬೇಕು.

ಈಗ ನನ್ನ ಮುಖ್ಯ ಸಲಹೆಗೆ ಬರುತ್ತೇನೆ. ಹೊಸ ಭಾರಕ್ಕೆ ಹೊಸ ಕಾಲು ಕೊಡಿ. ನಿಮ್ಮ ದೊಡ್ಡ ಆಸ್ತಿ ಮುಂದಿನ ಗಾಜಲ್ಲ, ಹಿಂದಿನ 24 ಅಡಿ. ಪಾಲಿಕೆಯ ನಿಯಮದಂತೆ ಬಿಡಬೇಕಾದಷ್ಟು ಬಿಟ್ಟು ಉಳಿದ ಜಾಗದಲ್ಲಿ ಹಳೆಯ ಕಟ್ಟಡಕ್ಕೆ ಅಂಟದಂತೆ, ನಡುವೆ ಒಂದೆರಡು ಇಂಚು ಸಂದು ಬಿಟ್ಟು, ಪೂರ್ತಿ ಉಕ್ಕಿನ ಒಂದು ಹೊಸ ಚೌಕಟ್ಟು ನಿಲ್ಲಿಸಿ. ಲಿಫ್ಟು, ಅಗಲದ ಹೊಸ ಮೆಟ್ಟಿಲು, ಟಾಯ್ಲೆಟ್, ವಿದ್ಯುತ್ ಪ್ಯಾನೆಲ್, ಎ.ಸಿ. ಹೊರಘಟಕಗಳು, ಬೆಂಕಿ ಆರಿಸುವ ನೀರಿನ ಟ್ಯಾಂಕು, ಇವೆಲ್ಲ ಅದರ ಹೊಟ್ಟೆಗೆ ಹೋಗಲಿ. ಟ್ಯಾಂಕಿನಲ್ಲಿ ಹತ್ತು ಸಾವಿರ ಲೀಟರ್ ನೀರು ಎಂದರೆ ಹತ್ತು ಟನ್. ಅದು ಹಳೆಯ ಟೆರೇಸಿನ ಮೇಲೆ ಕೂರುವ ಪದಾರ್ಥವಲ್ಲ. ಪ್ರತಿ ಮಹಡಿಗೂ ಬೇಕಾಗುವ ಚಿಕ್ಕ ಸ್ಟಾಕ್ ರೂಮು ಸಹ ಅಲ್ಲೇ ಇರಲಿ. ಆಗ ಹಳೆಯ ಮಹಡಿಗಳಿಗೆ ಉಳಿಯುವುದು ಪ್ರದರ್ಶನದ ಬಟ್ಟೆ ಮತ್ತು ಜನ, ಅಷ್ಟೇ. ಪಾಯ ತೋಡುವಾಗ ಹಳೆಯ ಫುಟಿಂಗಿನ ತಳಕ್ಕಿಂತ ಆಳಕ್ಕೆ ಅದರ ಪಕ್ಕದಲ್ಲೇ ಇಳಿಯಬಾರದು. ಇಳಿದರೆ ಹಳೆಯ ಕಾಲಮ್ಮಿನ ಅಡಿಯ ಮಣ್ಣು ನಿಮ್ಮ ಹೊಸ ಗುಂಡಿಗೆ ಜಾರುತ್ತದೆ.

ಎಸ್ಕಲೇಟರ್ ಬಗ್ಗೆ ಕೇಳಿದ್ದೀರಿ. ಸಾಮಾನ್ಯವಾಗಿ ಅದು 30 ಡಿಗ್ರಿ ಓರೆಯಲ್ಲಿ ಏರುತ್ತದೆ. 12 ಅಡಿ ಏರಲು, ಹತ್ತುವ ಇಳಿಯುವ ಚಪ್ಪಟೆ ಭಾಗ ಸೇರಿ, 36 ಅಡಿಯಷ್ಟು ಉದ್ದ ನುಂಗುತ್ತದೆ. ನಿಮ್ಮ ಕಾಲಂಗಳು ಹನ್ನೆರಡು ಅಡಿಗೊಂದು ಇರುವುದರಿಂದ ಕಟ್ಟಡದ ನಡುವೆ ಅದನ್ನು ಕೂರಿಸಲು ಬೀಮ್‌ಗಳನ್ನು ಕಡಿಯದೆ ಗತಿಯಿಲ್ಲ. ಹೋಗುವುದಕ್ಕೊಂದು, ಬರುವುದಕ್ಕೊಂದು ಎಂದರೆ ಜಾಗವೂ ಎರಡು ಪಟ್ಟು. ನನ್ನನ್ನು ಕೇಳಿದರೆ ಬೇಡ. ಮೂರು ಮಹಡಿಯ ಅಂಗಡಿಗೆ ದೊಡ್ಡದೊಂದು ಲಿಫ್ಟು, ಅಜ್ಜಿಯರೂ ಹತ್ತುವಂಥ ಸಾವಧಾನದ ಮೆಟ್ಟಿಲು ಸಾಕು. ಬೇಕೇ ಬೇಕೆಂದರೆ ಹಿಂದಿನ ಉಕ್ಕಿನ ಚೌಕಟ್ಟಿನಲ್ಲಿ ಅಡ್ಡಲಾಗಿ, 40 ಅಡಿ ಅಗಲದುದ್ದಕ್ಕೆ ಮಲಗಿಸಬಹುದೇ ಎಂದು ಎಂಜಿನಿಯರರನ್ನು ಕೇಳಿ.

ನಡುವಿನ ಬಯಲಿಗೂ ಇದೇ ಉತ್ತರ. ಪ್ಯಾರಿಸಿನ ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರುಗಳಲ್ಲಿ ಆ ಗಾಜಿನ ಸೂರಿನ ಬಯಲು ಹುಟ್ಟಿದ್ದು ಶೋಕಿಗಲ್ಲ. ವಿದ್ಯುತ್ ದೀಪ ಇನ್ನೂ ಬಂದಿರದ ಕಾಲದಲ್ಲಿ ಒಳಗಿನ ಬಟ್ಟೆಯ ಬಣ್ಣ ಕಾಣಲೆಂದು, ಕಬ್ಬಿಣದ ಚೌಕಟ್ಟಿನಲ್ಲಿ ಮೊದಲಿನಿಂದಲೇ ಹಾಗೆ ಕಟ್ಟಿದ್ದು. ನಮ್ಮ ತೊಟ್ಟಿಮನೆಯ ತೊಟ್ಟಿಯೂ ಹೀಗೆಯೇ, ಕಟ್ಟುವಾಗಲೇ ಬಿಟ್ಟದ್ದು, ಆಮೇಲೆ ಕೊರೆದದ್ದಲ್ಲ. ಅಲ್ಲಿನ ಸಮಾರಿಟೇನ್ ಎಂಬ ಹೆಸರಾಂತ ಸ್ಟೋರು ಬೆಂಕಿ ಸುರಕ್ಷತೆ ಸಾಲದೆಂದು 2005ರಲ್ಲಿ ಬಾಗಿಲು ಹಾಕಿ, ನವೀಕರಣವಾಗಿ ಮತ್ತೆ ತೆರೆದದ್ದು 2021ರ ಜೂನ್‌ನಲ್ಲಿ. ಹಣಕ್ಕೆ ಕೊರತೆಯಿಲ್ಲದ ಮಾಲೀಕರಿಗೂ ಹದಿನಾರು ವರ್ಷ ಹಿಡಿಯಿತು. ಮಹಡಿ ಮಹಡಿ ನಡುವೆ ತೂತು ಕೊರೆದರೆ ಹೊಗೆಗೆ ಚಿಮಣಿ ಕಟ್ಟಿಕೊಟ್ಟಂತೆ ಎಂಬುದನ್ನು ಮರೆಯಬೇಡಿ.

ಹೊಗೆ ಎಂದಾಗ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ನೆನಪಾಗದೆ ಇರದು. 2010ರ ಫೆಬ್ರವರಿ 23ರಂದು ಆ ಕಟ್ಟಡಕ್ಕೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ವಿದ್ಯುತ್ ವೈರುಗಳು ಹಾಯುವ ಕೊಳವೆಯಂಥ ಸಂದಿಯಿಂದ ಹೊಗೆ ಮೇಲೇರಿತ್ತು, ಉಸಿರು ಕಟ್ಟಿ ಜನ ಕಿಟಕಿಯಿಂದ ಹಾರಿದ್ದರು. ನಿಮ್ಮದು ಬಟ್ಟೆ ಅಂಗಡಿ, ಉರಿಯುವುದೆಲ್ಲ ಅಲ್ಲೇ ಇದೆ. ಆದ್ದರಿಂದ ವೈರು ಹಾಯುವ ಪ್ರತಿ ತೂತನ್ನೂ ಮಹಡಿ ಮಟ್ಟದಲ್ಲಿ ಬೆಂಕಿ ತಡೆಯುವ ಸಾಮಗ್ರಿಯಿಂದ ಮುಚ್ಚಿಸಿ. ಲಾಡ್ಜಿನ ಹಳೆಯ ವೈರಿಂಗನ್ನು ಒಂದು ಗೇಣೂ ಉಳಿಸಬೇಡಿ. ಬೆಸ್ಕಾಂನಿಂದ ಹೊಸ ಲೋಡಿಗೆ ಈಗಲೇ ಅರ್ಜಿ ಹಾಕಿ. ಎ.ಸಿ.ಗೆ ಸುಮಾರು 150 ಚದರಡಿಗೆ ಒಂದು ಟನ್ ಎಂಬ ಒರಟು ಲೆಕ್ಕ ಹಿಡಿದರೂ ಮೂರು ಮಹಡಿಗೆ 65 ಟನ್ ದಾಟುತ್ತದೆ, ಟ್ರಾನ್ಸ್‌ಫಾರ್ಮರಿಗೇ ಜಾಗ ಹುಡುಕಬೇಕಾಗಬಹುದು.

ಮೆಟ್ಟಿಲು ಎರಡು ಬೇಕು, ಒಂದಕ್ಕೊಂದು ದೂರವಿರಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ಅಂಗಡಿ ಕಟ್ಟಡದ ಮೆಟ್ಟಿಲು ಒಂದೂವರೆ ಮೀಟರ್, ಅಂದರೆ ಐದಡಿ ಅಗಲ ಇರಬೇಕೆನ್ನುತ್ತದೆ. ಲಾಡ್ಜಿನ ಮೆಟ್ಟಿಲು ಮೂರೂವರೆ ನಾಲ್ಕಡಿ ಇದ್ದರೆ ಹೆಚ್ಚು. ಎಸ್ಕಲೇಟರನ್ನಾಗಲಿ ಲಿಫ್ಟನ್ನಾಗಲಿ ಬೆಂಕಿಯ ದಾರಿಯೆಂದು ಎಣಿಸುವಂತಿಲ್ಲ. ಸಂಹಿತೆಯ ಪ್ರಕಾರ ಮೇಲಿನ ಮಹಡಿಯ ಅಂಗಡಿಗೆ ಆರು ಚದರ ಮೀಟರಿಗೆ ಒಬ್ಬರಂತೆ ಲೆಕ್ಕ ಹಾಕಿದರೆ ನಿಮ್ಮ ಒಂದು ಮಹಡಿಗೆ 53 ಜನ. ದೀಪಾವಳಿಯ ಹಿಂದಿನ ಭಾನುವಾರ ನಿಮ್ಮ ಸೀರೆ ವಿಭಾಗದಲ್ಲಿ ಎಷ್ಟು ಜನ ಇರುತ್ತಾರೆಂದು ನಿಮಗೆ ಗೊತ್ತು. ಮೆಟ್ಟಿಲನ್ನು ಆ ಭಾನುವಾರಕ್ಕೆ ಕಟ್ಟಿ. ಮತ್ತೆ ಆ ಭಾನುವಾರವೇ ಮೆಟ್ಟಿಲ ತಿರುವಿನಲ್ಲಿ ಮಾಲಿನ ಗಂಟು ಇಡುವ ಅಭ್ಯಾಸವನ್ನು ಬಿಡಿಸಿ. ಫುಡ್ ಕೋರ್ಟನ್ನು ಟೆರೇಸಿನ ಪಟ್ಟಿಯಿಂದ ಹೊಡೆದು ಹಾಕಿ. ಗ್ಯಾಸು, ನೀರು, ಜನ, ಒಲೆ ಎಲ್ಲ ತಲೆಯ ಮೇಲೆ. ಸಾಂಪೂಂಗಿನಲ್ಲೂ ಹೋಟೆಲುಗಳಿದ್ದದ್ದು ಮೇಲೆಯೇ.

ಮುಂಭಾಗದ ಗಾಜಿನ ವಿಷಯ ಚುಟುಕಾಗಿ ಮುಗಿಸುತ್ತೇನೆ. ‘ಎಲಿವೇಶನ್’ ಎಂಬ ಶಬ್ದಕ್ಕೆ ನಮ್ಮ ಊರುಗಳಲ್ಲಿ ಹಳೆಯ ಕಿಟಕಿ ಮುಚ್ಚಿ ಎಸಿಪಿ ಹೊಡೆಯುವುದು ಎಂದೇ ಅರ್ಥವಾಗಿಬಿಟ್ಟಿದೆ. ಅಗ್ಗದ ಎಸಿಪಿ ಹಾಳೆಯ ಎರಡು ಅಲ್ಯುಮಿನಿಯಂ ಪದರದ ನಡುವೆ ಇರುವುದು ಪಾಲಿಥಿನ್, ಎಣ್ಣೆಯಂತೆ ಉರಿಯುತ್ತದೆ. 2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ 72 ಜನ ಸತ್ತದ್ದು ಇಂಥದೇ ಹೊದಿಕೆಯಿಂದ. ಜೊತೆಗೆ ಕಿಟಕಿ ಮುಚ್ಚಿದರೆ ಹೊಗೆ ಹೋಗುವ ದಾರಿಯೂ ಮುಚ್ಚಿತು, ಅಗ್ನಿಶಾಮಕದವರು ಏಣಿ ಹಾಕಿ ಒಳಬರುವ ದಾರಿಯೂ. ನಿಮ್ಮ ಕಟ್ಟಡಕ್ಕೆ ಉದ್ದನೆಯ ಸಜ್ಜಾಗಳಿವೆ, ಮಧ್ಯಾಹ್ನದ ಬಿಸಿಲಿಗೆ ಅವೇ ಒಳ್ಳೆಯ ಕೊಡೆ. ನೆಲಮಹಡಿಗೆ ಮಾತ್ರ ದೊಡ್ಡ ಗಾಜು ಹಾಕಿ, ಮೇಲೆ ಕಿಟಕಿ ಉಳಿಸಿ ಸುಣ್ಣಬಣ್ಣ ಕಂಡರೆ ಸಾಕು. ಮುಂದಿನ ಮೆಟ್ಟಿಲಿನ ಬಗ್ಗೆಯೂ ಯೋಚಿಸಿ. ಗಾಲಿಕುರ್ಚಿಯ ಇಳಿಜಾರು ಒಂದಡಿ ಏರಲು ಹನ್ನೆರಡು ಅಡಿ ಓಡಬೇಕು. ನಿಮ್ಮ ಜಗುಲಿ ಮೂರಡಿ ಇದ್ದರೆ 36 ಅಡಿ ಆಯಿತು, ಮುಂದೆ ಅಷ್ಟು ಜಾಗವಿಲ್ಲ. ಹಿಂದಿನ ಅಂಗಳದ ಬಾಗಿಲಿನಿಂದ ಲಿಫ್ಟಿಗೆ ನೇರ ದಾರಿ ಕೊಡುವುದು ಸುಲಭ.

ಒಳಗಿನ ವಿನ್ಯಾಸದಲ್ಲಿ ನಿಮ್ಮ ಡಿಸೈನರ್ ಜೊತೆ ನನ್ನದು ಮೂರು ತಕರಾರು. ಮೊದಲನೆಯದು ಫಾಲ್ಸ್ ಸೀಲಿಂಗ್. 10 ಅಡಿ ಮಹಡಿಯಲ್ಲಿ ಬೀಮಿನ ಕೆಳಗೆ ಉಳಿಯುವುದು ಎಂಟೂವರೆ. ಅದರ ಕೆಳಗೆ ಎ.ಸಿ. ಡಕ್ಟು, ಅದರ ಕೆಳಗೆ ಜಿಪ್ಸಮ್ ಎಂದರೆ ಸೀರೆ ಅಂಗಡಿ ಬಸ್ಸಿನ ಒಳಗಿನಂತೆ ಆಗುತ್ತದೆ. ಸ್ಲ್ಯಾಬು ಬೀಮು ಹಾಗೇ ಕಾಣಲಿ, ಒಂದೇ ಬಣ್ಣ ಬಳಿಯಿರಿ, ಪೈಪುಗಳನ್ನು ಗೋಡೆಯ ಬದಿಗೆ ಓಡಿಸಿ. ಸೋರಿಕೆಯೋ ಬಿರುಕೋ ಬಂದರೆ ಅಂದೇ ಕಣ್ಣಿಗೆ ಬೀಳುವುದು ಇದರ ದೊಡ್ಡ ಲಾಭ. ಎರಡನೆಯದು, ಕಾಲಂಗಳನ್ನು ಮರೆಮಾಚುವ ಹಟ. ಕಾಲಂ ಸಾಲಿನುದ್ದಕ್ಕೇ ಕಪಾಟುಗಳ ಸಾಲು ಬರಲಿ, ಅವು ಕಪಾಟಿನ ಬೆನ್ನೆಲುಬಾಗಿ ಕಣ್ಮರೆಯಾಗುತ್ತವೆ. ಬೀಮಿನ ಮೇಲೆಯೇ ಭಾರ ಬಂದು ಸ್ಲ್ಯಾಬಿನ ನಡುಭಾಗ ಓಡಾಟಕ್ಕೆ ಉಳಿಯುತ್ತದೆ.

ಮೂರನೆಯದು ಗಾದಿ. 3ಡಿ ಚಿತ್ರದಲ್ಲಿ ಸೀರೆಗಳನ್ನೂ ಹ್ಯಾಂಗರಿಗೆ ನೇತುಹಾಕಿದ್ದಾರೆ. ರೆಡಿಮೇಡಿಗೆ ಅದು ಸರಿ, ಹುಡುಗರು ತಾವೇ ಆರಿಸಿಕೊಳ್ಳುತ್ತಾರೆ. ಮದುವೆ ಜವಳಿಗೆ ಎಂಟು ಜನ ಬರುತ್ತಾರೆ, ಅದರಲ್ಲಿ ಸೀರೆ ಉಡುವವಳು ಒಬ್ಬಳು, ಅಭಿಪ್ರಾಯ ಹೇಳುವವರು ಏಳು. ಅವರೆಲ್ಲ ಕೂರಬೇಕು, ಮುಂದೆ ಸೀರೆ ಹಾಸಬೇಕು, ಸೆರಗು ಬಿಚ್ಚಿ ತೋರಿಸಬೇಕು, ನಡುವೆ ಚಹಾ ಬರಬೇಕು. ನಿಮ್ಮ ತಂದೆಯವರ ಕಾಲದ ಬಿಳಿ ಗಾದಿಯನ್ನು ಮೊದಲ ಮಹಡಿಯ ಮುಂಭಾಗದ ಕಿಟಕಿ ಬೆಳಕಿನಲ್ಲಿ ಹಾಕಿ. ತೂಕದ ಲೆಕ್ಕದಲ್ಲೂ ಅದು ಹಗುರ, ಯಾಕೆಂದರೆ ಗಾದಿಯ ಮೇಲೆ ಏಳು ಖಾನೆಯ ಕಪಾಟು ನಿಲ್ಲುವುದಿಲ್ಲ.

ದಿನಸಿ ಮತ್ತು ಪಾತ್ರೆ ನೆಲಮಹಡಿಯ ಹಿಂಭಾಗಕ್ಕೆ ಬರಲಿ. ನೆಲಮಾಳಿಗೆ ಇಲ್ಲದಿದ್ದರೆ ಅಲ್ಲಿ ನೆಲ ಮಣ್ಣಿನ ಮೇಲೇ ಕೂತಿದೆ, ಎಷ್ಟು ಚೀಲ ಪೇರಿಸಿದರೂ ತೊಂದರೆಯಿಲ್ಲ. ಲಾರಿಯೂ ಹಿಂದಿನಿಂದ ಇಳಿಸಿ ಹೋಗಬಹುದು. ಜನ ಎಲ್ಲ ಕಡೆ ಸುತ್ತಬೇಕೆಂಬ ನಿಮ್ಮ ಲೆಕ್ಕವೂ ಕೆಡುವುದಿಲ್ಲ, ದಿನಸಿಗೆ ಬಂದವರು ರೆಡಿಮೇಡ್ ಸಾಲುಗಳನ್ನು ದಾಟಿಯೇ ಹಿಂದೆ ಹೋಗಬೇಕು. ಎರಡನೇ ಮಹಡಿಗೆ ಮಕ್ಕಳ ಬಟ್ಟೆ, ಆಟಿಕೆ, ಬ್ಯಾಗು, ಹಾಸಿಗೆ ದಿಂಬಿನಂಥ ಹಗುರ ಮಾಲು ಹೋಗಲಿ. ದಿಂಬು ಜಾಗ ತಿನ್ನುತ್ತದೆ, ತೂಗುವುದಿಲ್ಲ.

ದೀಪಾವಳಿಯ ಗಡುವನ್ನು ಬಿಡಿ. ಆಷಾಢದಲ್ಲಿ ವ್ಯಾಪಾರ ತಣ್ಣಗಿರುತ್ತದೆ, ಆ ತಿಂಗಳನ್ನು ಪರೀಕ್ಷೆ ಮತ್ತು ಮೇಲಿನ ಎರಡು ಮಹಡಿಯ ಭಾರ ಇಳಿಸುವುದಕ್ಕೆ ಬಳಸಿ. ಕೆಳಗಿನ ಅಂಗಡಿಯನ್ನು ಆ ದಿನಗಳಲ್ಲಿ ಮುಚ್ಚಲೇಬೇಕು. ತಲೆಯ ಮೇಲೆ ಗೋಡೆ ಒಡೆಯುತ್ತಾ ಕೆಳಗೆ ಗಿರಾಕಿಗಳನ್ನು ನಿಲ್ಲಿಸಬೇಡಿ. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಇನ್ನೂ ಕೆಲಸ ನಡೆಯುತ್ತಿದ್ದ ವಾಣಿಜ್ಯ ಕಟ್ಟಡ ಬಿದ್ದಾಗ ಕೆಳಗಿನ ಅಂಗಡಿಗಳು ಆಗಲೇ ತೆರೆದಿದ್ದವು, 19 ಜನ ಹೋದರು. ಶ್ರಾವಣದಿಂದ ದೀಪಾವಳಿವರೆಗೆ ಕೆಳಗೆ ವ್ಯಾಪಾರ ಮಾಡಿ, ಹಿಂದೆ ಅಂಗಳದಲ್ಲಿ ಉಕ್ಕಿನ ಚೌಕಟ್ಟು ಏಳಲಿ. ಕಾಲಂಗಳಿಗೆ ಅಂಗಿ ತೊಡಿಸುವುದು ದೀಪಾವಳಿ ಕಳೆದ ಮೇಲೆ. ಯುಗಾದಿಗೆ ಬಾಗಿಲು ತೆರೆದರೆ ಅದೇ ವೇಗ.

ಈ ವಾರ ನೀವು ಮಾಡಬೇಕಾದದ್ದು ದುಡ್ಡು ಖರ್ಚಿಲ್ಲದ ಕೆಲಸ. ತಂದೆಯವರ ಟ್ರಂಕಿನಲ್ಲೋ ಗಾಡ್ರೇಜಿನಲ್ಲೋ 1984ರ ನೀಲಿ ನಕ್ಷೆ ಮಡಚಿಟ್ಟಿರಬಹುದು, ಹುಡುಕಿ. ಕಟ್ಟಿದ ಮೇಸ್ತ್ರಿ ಇದ್ದರೆ ಮನೆಗೆ ಕರೆಸಿ, ತಂದೆಯವರ ಜೊತೆ ಕೂರಿಸಿ, ಆ ಹಿಂದಿನ ಅಂಗಳದಲ್ಲಿ ಮೊದಲು ಏನಿತ್ತು ಎಂದು ಕೇಳಿ. ಪೇಟೆಯ ಹಳೆಯ ನಿವೇಶನಗಳ ಹಿತ್ತಿಲಲ್ಲಿ ಒಂದು ಬಾವಿ ಇದ್ದೇ ಇರುತ್ತಿತ್ತು. ಅದನ್ನು ಯಾವಾಗ, ಯಾವುದರಿಂದ ಮುಚ್ಚಿದರು, ಈಗಿನ ತಗಡಿನ ಗೋದಾಮಿನ ಯಾವ ಮೂಲೆಗೆ ಬರುತ್ತದೆ ಎಂದು ಸುಣ್ಣದಲ್ಲಿ ಗುರುತು ಹಾಕಿಸಿಕೊಳ್ಳಿ. ಹೊಸ ಕಾಲಂ ಎಲ್ಲಿ ಬರಬಾರದು ಎಂದು ಎಂಜಿನಿಯರ್ ಮೊದಲು ಕೇಳುವುದು ಅದನ್ನೇ.